ಭಾವನವರ ಗೇರ್ ರಾಡು

ನಮ್ಮ ಭಾವನವರ ಕಾರಿನಲ್ಲಿ ನಾನು ಕೂತದ್ದು ಒಂದೇ ಸಲ. ಅದೂ ಅವರು ತೀರಿಕೊಂಡ ಮೇಲೆ. ನಮ್ಮೂರು ಹೊಂಗನೂರಿನಲ್ಲಿ ಈ ವಿಷಯ ಎತ್ತಿದರೆ ಎಲ್ಲರೂ ನನ್ನನ್ನು ಮೆಚ್ಚಿಕೊಳ್ಳುತ್ತಾರೆ. "ಸೊಸೆ ಅಂದ್ರೆ ಹಂಗಿರ್ಬೇಕು ಕಣವ್ವ, ಎಂಥಾ ಮರ್ಯಾದಸ್ತೆ!" ಅನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತದೆ ನನಗೆ.

ಭಾವ ಅಂದರೆ ನನ್ನ ಗಂಡನ ಅಣ್ಣ. ಚನ್ನಪಟ್ಟಣದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದರು. ಮದುವೆಯಾಗಲಿಲ್ಲ, ನಮ್ಮ ಜೊತೆಯೇ ಇದ್ದರು. ನಮ್ಮ ಕಡೆ ತಮ್ಮನ ಹೆಂಡತಿಯಾದವಳು ಭಾವನ ಎದುರು ಕೂರುವುದಿಲ್ಲ, ಮುಖ ನೋಡಿ ಮಾತಾಡುವುದಿಲ್ಲ, ಕೈಗೆ ಕೈ ತಗಲುವಂತೆ ಏನನ್ನೂ ಕೊಡುವುದಿಲ್ಲ. ಕಾಫಿ ಲೋಟವನ್ನು ಜಗಲಿ ಮೇಲಿಟ್ಟು, ಬಳೆ ಸದ್ದು ಮಾಡಿ ಒಳಕ್ಕೆ ಬರಬೇಕು. ಅವರು ಒಮ್ಮೆ ಕೆಮ್ಮಿ ಲೋಟ ಎತ್ತಿಕೊಳ್ಳುತ್ತಾರೆ. ಈಗಿನ ಹುಡುಗಿಯರು ಇದನ್ನು ಕೇಳಿ ನಗುತ್ತಾರೆ, ನಗಲಿ. ನಾನೇನು ಕಣ್ಣು ಬಾಯಿ ಇಲ್ಲದವಳಲ್ಲ. ಕನಕಪುರದಲ್ಲಿ ಬಿ.ಎ. ಓದಿದವಳು, ಸ್ಕೂಟಿ ಓಡಿಸುವವಳು, ಹಾಲಿನ ಡೈರಿಯ ಮೀಟಿಂಗಿನಲ್ಲಿ ಗಂಡಸರ ನಡುವೆ ಎದ್ದು ನಿಂತು ಜಗಳ ಕಾಯುವವಳು. ಆದರೂ ಈ ಒಂದು ಪದ್ಧತಿಯನ್ನು ನಮ್ಮತ್ತೆಗಿಂತ ಹೆಚ್ಚಾಗಿ ನಾನೇ ಕಾಪಾಡಿಕೊಂಡು ಬಂದೆ. ಊರಲ್ಲೆಲ್ಲ ಬಾಯಿಬಡುಕಿ ಅನ್ನಿಸಿಕೊಂಡವಳಿಗೆ ಒಂದಾದರೂ ಒಳ್ಳೆಯ ಹೆಸರು ಬೇಕಿತ್ತು, ಅಷ್ಟೇ.

ಮಾತಾಡಬಾರದು ಅಂದಮಾತ್ರಕ್ಕೆ ಒಂದೇ ಸೂರಿನಡಿ ಇಷ್ಟು ವರ್ಷ ಮಾತಿಲ್ಲದೆ ಇರಲಾಗುತ್ತದೆಯೇ? ನಮ್ಮಿಬ್ಬರ ನಡುವೆ ಹಸು ಇತ್ತು. ಹಿತ್ತಿಲ ಕೊಟ್ಟಿಗೆಯ ಸೀಮೆಹಸು, ಹೆಸರು ಗೌರಿ. ಭಾವ ಬೆಳಿಗ್ಗೆ ಮುಖ ತೊಳೆಯಲು ಬಂದವರು ಅದರ ಕತ್ತು ಸವರುತ್ತಾ, "ಗೌರವ್ವ, ರಾತ್ರಿ ಸೊಪ್ಪಿನ ಸಾರು ಭಾಳ ಚೆನ್ನಾಗಿತ್ತು. ಉಪ್ಪು ಹಾಕೋದ ಮಾತ್ರ ಮರ್ತವ್ರೆ" ಅನ್ನುತ್ತಿದ್ದರು. ನಾನು ಅಡಿಗೆಮನೆ ಕಿಟಕಿಯಿಂದಲೇ, "ಗೌರಿ, ಉಪ್ಪಿನ ಡಬ್ಬಿ ಮುಂದೇ ಇತ್ತು ಅಂತ ಯೋಳೇ" ಅನ್ನುತ್ತಿದ್ದೆ. ಗೌರಿ ಇಬ್ಬರ ಮಾತಿಗೂ ಬಾಲ ಆಡಿಸುತ್ತಿತ್ತು. ಅದು ಹೋದ ಮೇಲೆ ಅದರ ಕರುವಿಗೂ ಗೌರಿ ಅಂತಲೇ ಹೆಸರಿಟ್ಟೆವು. ನನ್ನ ಮಗಳ ಕಾಲೇಜು ಫೀಸು, ಅತ್ತೆಯ ಕಣ್ಣಿನ ಆಪರೇಷನ್ನು, ರೇಷ್ಮೆಹುಳುವಿನ ಮನೆಗೆ ಹೊಸ ಚಾವಣಿ, ಎಲ್ಲವೂ ಆ ಹಸುಗಳ ಮುಂದೆಯೇ ತೀರ್ಮಾನವಾದವು.

ಭಾವನವರಿಗೆ ಎಡಗೈ ಊನ. ಚಿಕ್ಕಂದಿನಲ್ಲಿ ಹುಣಸೆಮರದಿಂದ ಬಿದ್ದು ಮೂಳೆ ಮುರಿದಿತ್ತಂತೆ. ನಾಟಿ ಕಟ್ಟು ಹಾಕುವವರೊಬ್ಬರು ಬಿದಿರಿನ ದಬ್ಬೆ ಇಟ್ಟು ಬಿಗಿದು ಕಟ್ಟಿದರು. ಕಟ್ಟು ಬಿಚ್ಚಿದಾಗ ಮೂಳೆ ಕೂಡಿತ್ತು, ಆದರೆ ಮೊಣಕೈ ಮಡಚಿಕೊಂಡೇ ಉಳಿದುಬಿಟ್ಟಿತ್ತು. ಆಮೇಲೆ ಅದು ನೆಟ್ಟಗಾಗಲೇ ಇಲ್ಲ. ಬಲಗೈಯಲ್ಲಿ ಬೋರ್ಡಿನ ಮೇಲೆ ಒಂದೇ ಬೀಸಿಗೆ ದುಂಡಗೆ ವೃತ್ತ ಬರೆಯುತ್ತಿದ್ದ ಮನುಷ್ಯ ಎಡಗೈಯನ್ನು ಯಾರಿಗೂ ತೋರಿಸುತ್ತಿರಲಿಲ್ಲ. ಅದರ ಮೇಲೆ ಯಾವಾಗಲೂ ಒಂದು ಟವಲ್ಲು. ನಮ್ಮ ಮದುವೆಯ ಫೋಟೋದಲ್ಲಿ ಉರಿಬಿಸಿಲಿನ ದಿನ ಆ ಕೈಗೆ ಕೊಡೆ ನೇತುಹಾಕಿಕೊಂಡು ನಿಂತಿದ್ದಾರೆ. ಹೆಣ್ಣು ನೋಡಲು ಹೋದ ಕಡೆ ಕಾಫಿ ತಂದ ಹುಡುಗಿ ಇವರ ಮುಖ ನೋಡದೆ ಮೊಣಕೈಯನ್ನೇ ನೋಡುತ್ತಾ ನಿಂತಳಂತೆ. "ಆವತ್ತಿಂದ ಇನ್ನೊಂದ್ ಹೆಣ್ಣ ನೋಡಕ್ಕೆ ಹೋಗ್ನಿಲ್ಲ ಕಣೇ ನನ್ ಮಗ" ಎಂದು ಅತ್ತೆ ಒಮ್ಮೆ ಕಣ್ಣೊರೆಸಿಕೊಂಡಿದ್ದರು. ಈ ಕತೆ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ಅನುಕೂಲವೂ ನನಗಿಲ್ಲ.

ಚನ್ನಪಟ್ಟಣದ ಹತ್ತಿರ ನಮಗಿದ್ದ ಒಂದು ತುಂಡು ಜಮೀನು ಹೊಸ ಹೆದ್ದಾರಿಗೆ ಹೋಯಿತು. ಪರಿಹಾರ ಬಂದಾಗ ಊರಿನ ಎಲ್ಲರಂತೆ ನಾವು ಮನೆಯ ಮೇಲೊಂದು ಮನೆ ಕಟ್ಟಿಸಿದೆವು. ಭಾವ ತಮ್ಮ ಪಾಲಿನಲ್ಲಿ ಹಳೆಯದೊಂದು ಸ್ಪೋರ್ಟ್ಸ್ ಕಾರು ತಂದರು. ಕೆಂಪು ಬಣ್ಣ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು, ಮೇಲೆ ಮಡಚುವ ಬಟ್ಟೆಯ ಚಾವಣಿ, ಎರಡೇ ಸೀಟು. ಹುಡುಗನಾಗಿದ್ದಾಗ ರಸ್ತೆಬದಿಯಲ್ಲಿ ದನ ಮೇಯಿಸುತ್ತಾ ಮೈಸೂರಿನ ಕಡೆಗೆ ಹೋದ ಅಂಥದ್ದೊಂದು ಕಾರನ್ನು ಕಂಡಿದ್ದರಂತೆ. ಆವತ್ತಿನಿಂದ ಅದನ್ನು ಬರೆಯುತ್ತಲೇ ಇದ್ದರು: ಸ್ಲೇಟಿನ ಮೇಲೆ, ಬೋರ್ಡಿನ ಮೂಲೆಯಲ್ಲಿ, ಹಾಲಿನ ಚೀಟಿಯ ಹಿಂದೆ. ಊರಿಗೆ ಊರೇ ಬಂದು ಕಾರಿನ ಸುತ್ತ ನಿಂತಿತು. ನಮ್ಮೆಜಮಾನರ ಮುಖ ಹುಳಿ ತಿಂದಂತಾಗಿತ್ತು.

"ಅಲ್ಲ ಕಣಣ್ಣ, ಇದ್ರಲ್ಲಿ ಒಂದ್ ಮೂಟೆ ರಾಗಿ ಹಾಕಕ್ಕಾಯ್ತದಾ?"

"ರಾಗಿ ಮೂಟೆಗೆ ಟ್ರಾಕ್ಟರ್ ಐತಲ್ಲಪ್ಪ."

"ಒಂದ್ ಸೀಟು ನಿಂಗೆ ಸರಿ. ಇನ್ನೊಂದ್ ಸೀಟು ಯಾರ್ಗೆ?"

ಭಾವ ಬಾನೆಟ್ಟಿನ ಧೂಳು ಒರೆಸುತ್ತಾ, "ಯಾರಾದ್ರೂ ಬತ್ತಾರೆ ಬುಡು" ಅಂದರು. ಜನ ಗೊಳ್ಳೆಂದು ನಕ್ಕರು. ಬಾಗಿಲ ಹಿಂದೆ ನಿಂತಿದ್ದ ನಾನೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ.

ಆ ಕಾರಿನ ಗೇರ್ ರಾಡು ಡ್ಯಾಶ್‌ಬೋರ್ಡಿನ ಹತ್ತಿರ, ಬಲು ಮುಂದಕ್ಕಿತ್ತು. ಗೇರು ಹಾಕಬೇಕಾದದ್ದು ಎಡಗೈಯಲ್ಲಿ. ಮಡಚಿದ ಕೈ ಅಲ್ಲಿಗೆ ನಿಲುಕುತ್ತಿರಲಿಲ್ಲ. ಸೀಟನ್ನು ಮುಂದಕ್ಕೆಳೆದರೆ ಅವರ ಉದ್ದನೆಯ ಕಾಲುಗಳು ಸ್ಟೇರಿಂಗಿಗೆ ಸಿಕ್ಕಿಕೊಳ್ಳುತ್ತಿದ್ದವು. ಹೀಗಾಗಿ ಪ್ರತಿ ಸಲ ಫಸ್ಟ್ ಗೇರು, ಥರ್ಡ್ ಗೇರು ಹಾಕುವಾಗ ಸೊಂಟದಿಂದಲೇ ಮುಂದಕ್ಕೆ ಬಗ್ಗುತ್ತಿದ್ದರು. ಜಗಲಿ ಮೇಲೆ ಕೂತ ಜನ ಮೇಷ್ಟ್ರು ತಮಗೇ ನಮಸ್ಕಾರ ಮಾಡುತ್ತಿದ್ದಾರೆ ಅಂದುಕೊಂಡು ಎದ್ದು ನಿಂತು ಕೈ ಮುಗಿಯುತ್ತಿದ್ದರು. "ಕಾರ್ ತಗಂಡ್ರೂ ಎಷ್ಟ್ ವಿನಯ ನೋಡ್ಲಾ" ಎಂದು ಹೊಗಳುತ್ತಿದ್ದರು. ಚನ್ನಪಟ್ಟಣದ ಪೇಟೆಬೀದಿಯಲ್ಲಿ ತರಕಾರಿ ಅಂಗಡಿಯಿಂದ ಬಸ್ ಸ್ಟ್ಯಾಂಡಿನವರೆಗೆ ಬಗ್ಗಿಕೊಂಡೇ ಹೋದವರಿಗೆ ಇಡೀ ಬೀದಿ ಕೈ ಮುಗಿದಿತ್ತಂತೆ.

ಕಡೆಗೆ ರಾಮನಗರದ ಮೆಕ್ಯಾನಿಕ್ ನಯಾಜ್ ಎಂಬಾತನ ಹತ್ತಿರ ಹೋಗಿ ರಾಡನ್ನು ಕತ್ತರಿಸಿ, ಬಾಗಿಸಿ, ತುಂಡು ಸೇರಿಸಿ ವೆಲ್ಡಿಂಗ್ ಮಾಡಿಸಿ ಹಿಂದಕ್ಕೆ ತರಿಸಿಕೊಂಡರು. ಈಗ ಅದರ ಹಿಡಿ ಸರಿಯಾಗಿ ಅವರ ಅಂಗೈ ಕೆಳಗೇ ಬಂತು. ಮಡಚಿದ ಕೈ ಮಡಚಿದಂತೆಯೇ ಗೇರು ಬೀಳುತ್ತಿತ್ತು. ಹಿಡಿಗೆ ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವರ ಹತ್ತಿರ ಅರಗಿನ ಬಣ್ಣ ಹಾಕಿದ ಹಳದಿ ಮರದ ಗುಂಡೊಂದನ್ನು ಮಾಡಿಸಿ ಹಾಕಿಸಿದರು. ಮೇಷ್ಟ್ರು ಬಗ್ಗುವುದು ನಿಂತಿತು. "ದುಡ್ಡಿನ ಕೊಬ್ಬು ಬಂದ್ಬುಡ್ತು, ಈಗ ತಲೆನೇ ಬಗ್ಸಾಕಿಲ್ಲ" ಎಂದು ಅದೇ ಜಗಲಿಯ ಜನ ಮಾತಾಡಿಕೊಂಡರು. ನಾನು ಗಮನಿಸಿದ್ದು ಬೇರೆ. ಅವರ ಕೈ ಮೇಲೆ ಟವಲ್ಲು ಇರಲಿಲ್ಲ. ಗೇಟು ತೆರೆದು ನೆಟ್ಟಗೆ ಕೂತು ಕಾರು ಹೊರಡಿಸುವಾಗ ಆ ಮೊಣಕೈ ಎಲ್ಲರಿಗೂ ಕಾಣುವಂತೆ ಬಿಸಿಲಿನಲ್ಲಿರುತ್ತಿತ್ತು, ಅವರು ಅದನ್ನು ಮರೆತೇಬಿಟ್ಟಿರುತ್ತಿದ್ದರು.

ಒಂದೇ ತೊಡಕು. ರಾಡು ಹಿಂದಕ್ಕೆ ಬಂದದ್ದರಿಂದ ಸೆಕೆಂಡ್ ಗೇರಿಗೆ ಎಳೆದಾಗ ಮೊಣಕೈ ಪಕ್ಕದ ಸೀಟಿನೊಳಕ್ಕೇ ನುಗ್ಗುತ್ತಿತ್ತು. ನಮ್ಮೆಜಮಾನರು ಒಮ್ಮೆ ರಾಮನಗರಕ್ಕೆ ಹೋಗಿ ಬಂದವರು ಪಕ್ಕೆ ಉಜ್ಜಿಕೊಳ್ಳುತ್ತಾ, "ನಮ್ಮಣ್ಣನ ಪಕ್ಕ ಕೂರೋ ಬದ್ಲು ಹಾಯೋ ಹೋರಿ ಪಕ್ಕ ಕೂರ್ಬೋದು" ಅಂದಿದ್ದರು. ಭಾವ ಕೇಳಿಸಿಕೊಂಡು ನಕ್ಕಿದ್ದರು. ಆ ಕೈಯ ಬಗ್ಗೆ ಯಾರಾದರೂ ತಮಾಷೆ ಮಾಡಿ, ಅದಕ್ಕೆ ಅವರು ನಕ್ಕಿದ್ದನ್ನು ನಾನು ಮೊದಲ ಸಲ ಕೇಳಿದೆ.

ಹೀಗಿರುವಾಗ ಒಂದು ದಿನ ಮಧ್ಯಾಹ್ನ ಕನಕಪುರದ ಹತ್ತಿರದ ನನ್ನ ತೌರಿನಿಂದ ತಮ್ಮ ಫೋನು ಮಾಡಿದ. "ಅಕ್ಕ, ಅವ್ವಂಗೆ ಉಸ್ರು ಕಟ್ತಾ ಐತೆ. ನಿನ್ನೇ ಕೇಳ್ತಾವ್ಳೆ. ಜಲ್ದಿ ಬಾ." ನಮ್ಮೆಜಮಾನರು ಗೂಡು ಹಾಕಿಕೊಂಡು ರಾಮನಗರದ ರೇಷ್ಮೆ ಮಾರ್ಕೆಟ್ಟಿಗೆ ಹೋಗಿದ್ದರು, ಫೋನು ಎತ್ತಲಿಲ್ಲ. ಸ್ಕೂಟಿ ಮಗಳ ಜೊತೆ ಕಾಲೇಜಿಗೆ ಹೋಗಿತ್ತು. ನಾನು ಸೀರೆ ಬದಲಿಸಿ ಹೊರಗೆ ಬರುವಷ್ಟರಲ್ಲಿ ಗೇಟಿನ ಮುಂದೆ ಕೆಂಪು ಕಾರು ಸದ್ದು ಮಾಡುತ್ತಾ ನಿಂತಿತ್ತು. ಎಡಗಡೆಯ ಬಾಗಿಲು ತೆರೆದಿತ್ತು. ಸೀಟಿನ ಮೇಲೆ ಒಗೆದ ಟವಲ್ಲು ಹಾಸಿತ್ತು. ಭಾವ ಸ್ಟೇರಿಂಗ್ ಹಿಡಿದು, ನೇರ ರಸ್ತೆಯನ್ನೇ ನೋಡುತ್ತಾ, ಕೊಟ್ಟಿಗೆಗೆ ಕೇಳುವಂತೆ ಕೂಗಿದರು: "ಗೌರವ್ವ, ಕನಕಪುರಕ್ಕೆ ಗಾಡಿ ಹೊಂಟೈತೆ ಅಂತ ಯೋಳು. ಒಂದ್ ಗಳಿಗೇಲಿ ಬುಟ್ಬತ್ತೀನಿ."

ನಾನು ಬಾಗಿಲವರೆಗೂ ಹೋದೆ. ಎದುರುಮನೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಹೆಂಗಸರ ಕೈಗಳು ನಿಂತವು. ಕಾರಿನೊಳಗೆ ಬಗ್ಗಿ ನೋಡಿದೆ. ಹಳದಿ ಗುಂಡಿನ ಮೇಲೆ ಅವರ ಎಡಗೈ ಇತ್ತು, ಮೊಣಕೈ ನಾನು ಕೂರಬೇಕಾದ ಸೀಟಿನ ಮೇಲಕ್ಕೆ ಚಾಚಿತ್ತು. ನನ್ನ ಕಣ್ಣು ಅದರ ಮೇಲೆ ಬಿತ್ತು. ಬಿದ್ದದ್ದು ಅಲ್ಲೇ ನಿಂತಿತು. ತಲೆ ಎತ್ತಿದರೆ ಭಾವ ನನ್ನನ್ನೇ ನೋಡುತ್ತಿದ್ದರು. ಅಷ್ಟು ವರ್ಷಗಳಲ್ಲಿ ನಾವಿಬ್ಬರು ಮುಖ ಕೊಟ್ಟು ನೋಡಿಕೊಂಡದ್ದು ಅದೇ ಮೊದಲು.

"ಗೌರಿ, ಬಸ್ಸಿಗೇ ಹೋಯ್ತಾರಂತೆ ಅಂತ ಯೋಳು" ಅಂದು ನಾನು ಬಸ್ ಸ್ಟಾಪಿನ ಕಡೆ ನಡೆದೆ.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಸರು ಕುಲ ಗೊತ್ತಿಲ್ಲದ ಗಂಡಸರ ಭುಜಕ್ಕೆ ಭುಜ, ಬೆನ್ನಿಗೆ ಬೆನ್ನು ತಾಗಿಸಿಕೊಂಡು ಜೋತಾಡಿಕೊಂಡು ಹೋದೆ. ಅದರಲ್ಲಿ ಯಾವ ಮರ್ಯಾದೆಯೂ ಕೆಡಲಿಲ್ಲ. ಹಿಂದಿನ ಗಾಜಿನಲ್ಲಿ ಕೆಂಪು ಕಾರು ಕಾಣುತ್ತಿತ್ತು, ಪಕ್ಕದ ಸೀಟಿನ ಮೇಲೆ ಟವಲ್ಲು ಹಾಸಿದ ಹಾಗೇ ಇತ್ತು. ಚನ್ನಪಟ್ಟಣದಲ್ಲಿ ಇಳಿದು ಕನಕಪುರದ ಬಸ್ಸಿಗೆ ಕಾದೆ. ಭಾವ ರಸ್ತೆಯ ಆಚೆ ಬದಿಯಲ್ಲಿ ಕಾರು ನಿಲ್ಲಿಸಿಕೊಂಡು ಕಾದರು. ಇಳಿದು ಬರಲಿಲ್ಲ, ಹಾರ್ನ್ ಮಾಡಲಿಲ್ಲ. ಬಸ್ಸು ಬೇಗ ಬರಲಿಲ್ಲ. ಇನ್ನೂ ಹೊತ್ತಿದೆ, ಹೋಗಿ ಕೂತುಬಿಡಲೇ ಎಂದು ಎಷ್ಟೋ ಸಲ ಅನ್ನಿಸಿತು. ಆದರೆ ಮನೆಯ ಮುಂದೆ ಬೇಡ ಅಂದವಳು ಇಲ್ಲಿ ಕೂತರೆ ನನ್ನ ಮಾತಿಗೇನು ಬೆಲೆ? ನಾನು ಆ ಕಡೆಗೆ ಬೆನ್ನು ತಿರುಗಿಸಿ ನಿಂತೆ.

ತೌರುಮನೆ ಸೇರುವ ಹೊತ್ತಿಗೆ ಅವ್ವನ ಮಾತು ನಿಂತಿತ್ತು. ಕಣ್ಣು ತೆರೆದಿತ್ತು, ಗುರುತು ಇರಲಿಲ್ಲ. "ಒಸಿ ಮುಂಚೆ ಬಂದಿದ್ರೆ ಮಾತಾಡ್ತಿದ್ಲು ಕಣಕ್ಕ. ಏನೋ ಯೋಳ್ಬೇಕು, ಅವ್ಳು ಬರ್ಲಿ ಬರ್ಲಿ ಅಂತಿದ್ಲು" ಎಂದು ತಮ್ಮ ಅತ್ತ. ಸಂಜೆಗೆ ಅವ್ವ ಹೋದಳು. ಏನು ಹೇಳಬೇಕೆಂದಿದ್ದಳೋ ಅದು ಅವಳ ಜೊತೆಯಲ್ಲೇ ಹೋಯಿತು.

ಭಾವ ಹೊರಗೆ ಬೇವಿನಮರದ ಕೆಳಗೆ ನಿಂತೇ ಇದ್ದರು. ಸೀಟಿನ ಮೇಲಿದ್ದ ಟವಲ್ಲು ಅವರ ಎಡಗೈ ಮೇಲೆ ಬಂದಿತ್ತು. ನನ್ನ ಚಿಕ್ಕವ್ವಂದಿರು ಯಾರಿಂದಲೋ ಸುದ್ದಿ ತಿಳಿದು, "ಅಂಥಾ ಹೊತ್ನಲ್ಲೂ ಭಾವನ ಪಕ್ಕ ಕೂರ್ದೆ ಬಸ್ನಾಗೇ ಬಂದ್ಲಂತೆ ಕಣ್ರೇ ನಮ್ ಮಗ್ಳು" ಎಂದು ಪಿಸುಗುಟ್ಟಿದರು. ಅವ್ವನ ತಲೆದೆಸೆಯಲ್ಲಿ ಕೂತು ಅಳುತ್ತಿದ್ದ ನನಗೆ ಆ ಮಾತು ಹಿತವಾಗಿ ಕೇಳಿಸಿತು. ನನ್ನ ಬದುಕಿನಲ್ಲಿ ಇದಕ್ಕಿಂತ ನಾಚಿಕೆಗೇಡಿನ ಗಳಿಗೆ ಇನ್ನೊಂದಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಭಾವ ಮತ್ತೆ ಬಗ್ಗಿ ಬಗ್ಗಿ ಗೇರು ಹಾಕುತ್ತಿರುವುದು ಕಂಡಿತು. "ವೆಲ್ಡಿಂಗ್ ಬುಟ್ಟೋಗಿರ್ಬೇಕು" ಅಂದರು ನಮ್ಮೆಜಮಾನರು. ಜಗಲಿಯವರು ಮತ್ತೆ ಎದ್ದು ಕೈ ಮುಗಿಯತೊಡಗಿದರು, ಮೇಷ್ಟ್ರಿಗೆ ಬುದ್ಧಿ ಬಂತು ಅಂದರು. ಟವಲ್ಲಂತೂ ಕೈ ಬಿಟ್ಟು ಇಳಿಯಲೇ ಇಲ್ಲ. ನಾನು ಕೇಳಲಿಲ್ಲ. ಹೇಗೆ ಕೇಳುವುದು? ನನ್ನ ನೋಟ ಅವರಿಗೆ ಹಳೆಯ ಆ ಹುಡುಗಿಯ ನೋಟದ ಹಾಗೆ ಕಂಡಿರಬೇಕು ಎಂಬುದು ಗೊತ್ತಿತ್ತು. 'ನಿಮ್ಮ ಕೈ ನೋಡಿ ಅಲ್ಲ ಭಾವ, ಪದ್ಧತಿಗೆ ಹೆದರಿ' ಎನ್ನೋಣವೆಂದರೆ, ಅದನ್ನು ಹೇಳಲು ಆ ಪದ್ಧತಿಯನ್ನೇ ಮುರಿಯಬೇಕು. ಅದೂ ಅಲ್ಲದೆ ಅದು ಪೂರ್ತಿ ನಿಜವೇ ಎಂಬುದು ನನಗೇ ಗೊತ್ತಿರಲಿಲ್ಲ. ಇಂಥ ಮಾತನ್ನು ಹಸುವಿನ ಕೈಲಿ ಹೇಳಿ ಕಳಿಸಲಾಗುವುದಿಲ್ಲ.

ಅವ್ವನ ವರ್ಷದ ಎಡೆ ಬಂದಾಗ ಭಾವ ಕೊಟ್ಟಿಗೆಯ ಮುಂದೆ ನಿಂತು, "ಗೌರವ್ವ, ನಾಳೆ ಕನಕಪುರಕ್ಕೆ ಗಾಡಿ ಖಾಲಿ ಹೋಯ್ತೈತೆ. ಈಗ ಸೀಟು ಆರಾಮಾಗೈತೆ, ಯಾರ್ ಬೇಕಾದ್ರೂ ಕೂರ್ಬೋದು" ಅಂದರು. ಹೊಸ ಕುಶನ್ ಹಾಕಿಸಿರಬೇಕು ಅಂದುಕೊಂಡೆ. "ಬಸ್ಸಿನ ಟೈಮು ಗೊತ್ತೈತೆ ಅಂತ ಯೋಳೇ" ಅಂದೆ. ಅವರು ಬಕೆಟ್ಟಿನಲ್ಲಿ ನೀರು ತುಂಬಿಕೊಂಡು ಹೋಗಿ ಕಾರು ತೊಳೆದರು. ಮುಂದಿನ ವರ್ಷವೂ ಇದೇ ಮಾತು, ಇದೇ ಉತ್ತರ.

ಈ ವರ್ಷ ಒಂದು ಬೆಳಿಗ್ಗೆ ಜಗಲಿಯ ಮೇಲೆ ಕಾಫಿ ಲೋಟ ಇಟ್ಟು, ಬಳೆ ಸದ್ದು ಮಾಡಿ ಒಳಗೆ ಬಂದೆ. ಕೆಮ್ಮು ಕೇಳಲಿಲ್ಲ. ಬಾಗಿಲ ಹಿಂದೆ ನಿಂತು ಕಾದೆ. ಇಣುಕಿ ನೋಡಬಾರದಲ್ಲ, ಅದಕ್ಕೇ ಇನ್ನಷ್ಟು ಹೊತ್ತು ಕಾದೆ. ನಮ್ಮೆಜಮಾನರು ತೋಟದಿಂದ ಬಂದು ನೋಡುವಾಗ ಲೋಟದ ಕಾಫಿ ಕೆನೆಗಟ್ಟಿತ್ತು. ಭಾವ ಈಜಿಚೇರಿನಲ್ಲಿ ಒರಗಿದವರು ಒರಗಿದ ಹಾಗೇ ಇದ್ದರು.

ಕಾರ್ಯವೆಲ್ಲ ಮುಗಿದ ಮೇಲೆ ಕಾರನ್ನು ಮಾರುವ ಮಾತು ಬಂತು. ಬೆಂಗಳೂರಿನವರೊಬ್ಬರು ನೋಡಿ ಒಪ್ಪಿದರು, ಆದರೆ ಗೇರ್ ರಾಡು ಕಂಪನಿ ಇಟ್ಟಿದ್ದ ಜಾಗಕ್ಕೇ ಬರಬೇಕು ಅಂದರು. ನಯಾಜ್ ರಾಮನಗರದಿಂದ ಬಂದ. ನಾನು ಅವನಿಗೆ ಕಾಫಿ ತಂದುಕೊಟ್ಟು ಅಲ್ಲೇ ನಿಂತೆ.

"ಅವತ್ತು ನಿನ್ ವೆಲ್ಡಿಂಗ್ ಬುಟ್ಟೋಗಿತ್ತಲ್ಲಪ್ಪ" ಅಂದರು ನಮ್ಮೆಜಮಾನರು.

ನಯಾಜನಿಗೆ ರೇಗಿತು. "ನಾನ್ ಹಾಕಿದ್ ವೆಲ್ಡಿಂಗ್ ಬುಡೋದಾ? ಗೌಡ್ರೇ, ಮೇಷ್ಟ್ರೇ ಬಂದು ಕಟ್ ಮಾಡ್ಸಿದ್ರು. ಕನಕಪುರದಾಗೆ ಯಾರ್ದೋ ಸಾವಾಗಿತ್ತಲ್ಲ, ಅದಾದ್ ಮಾರನೇ ವಾರ. ರಾಡು ಮುಂದಕ್ಕೆ ತಳ್ಳು, ಒಸಿ ನನ್ ಕಡೀಕೆ ವಾಲ್ಸು, ಪಕ್ಕದ್ ಸೀಟ್ಗೆ ನನ್ ಕೈ ತಗುಲ್ಬಾರ್ದು ಅಂದ್ರು. ನಿಮ್ಗೇ ಎಟ್ಕಾಕಿಲ್ವಲ್ಲ ಸಾರ್ ಅಂದೆ. ನಂಗೆ ಬಗ್ಗಿ ಅಭ್ಯಾಸ ಐತೆ ನಯಾಜ್, ನೀ ಮಾಡು ಅಂದ್ರು."

ಅವನು ಕಾಫಿ ಕುಡಿದು ಮುಂದುವರಿಸಿದ. "ಇಡೀ ದಿನ ಕುಂತಿದ್ರು. ಮೊಣಕೈಗೆ ಸೀಮೆಸುಣ್ಣ ಬಳ್ಕೊಳೋರು, ನನ್ನೇ ಪಕ್ಕದಾಗೆ ಕೂರ್ಸ್ಕಂಡು ಒಂದ್ ರೌಂಡ್ ಹೋಗೋರು. ಬಂದು ನನ್ ಶರ್ಟ್ ನೋಡೋರು. ಬಿಳೀ ಗುರ್ತು ಬಿದ್ದಿದ್ರೆ, ಇನ್ನೊಸಿ ಸರ್ಸು ಅನ್ನೋರು. ಕಡೇಗೆ ಶರ್ಟ್ ಮ್ಯಾಲೆ ಒಂದ್ ಚುಕ್ಕೀನೂ ಬೀಳ್ನಿಲ್ಲ. ಆಗ ಖುಷಿಯಾಗ್ಬುಟ್ರು. ಇಷ್ಟೆಲ್ಲ ಯಾರ್ಗೆ ಸಾರ್ ಅಂತ ಕೇಳ್ದೆ. ನಮ್ಮನೆ ಹೆಣ್ಮಗ್ಳು ಕೂರ್ಬೇಕು ಕಣಪ್ಪ, ಅವ್ಳ ಮರ್ಯಾದೆ ಅವ್ಳಿಗೆ ದೊಡ್ಡದು ಅಂದ್ರು."

ನಮ್ಮೆಜಮಾನರು ನನ್ನ ಕಡೆ ನೋಡಲಿಲ್ಲ. ನೋಡದೆ ಇದ್ದದ್ದೇ ಉಪಕಾರ. ಆರಾಮಾಗೈತೆ ಎಂದು ಹಸುವಿನ ಮುಂದೆ ಎರಡು ವರ್ಷ ಹೇಳಿದ ಮನುಷ್ಯನಿಗೆ ನಾನು ಬಸ್ಸಿನ ಟೈಮು ಹೇಳಿದ್ದೆ.

"ಆ ರಾಡು ಹಂಗೇ ಇರ್ಲಿ" ಅಂದೆ.

"ಹಂಗಿದ್ರೆ ಅವ್ರು ತಗಳಾಕಿಲ್ಲ ಕಣೇ."

"ಬ್ಯಾಡ ಅನ್ನೋರ್ಗೆ ಬ್ಯಾಡ. ನಯಾಜ್, ಕೆರೆ ಏರಿವರ್ಗೂ ಒಂದ್ಸಲ ಓಡ್ಸಪ್ಪ, ನಾನ್ ಕೂರ್ತೀನಿ."

ಸೀಟಿನ ಕುಶನ್ ಹಳೆಯದೇ ಆಗಿತ್ತು. ಗೇರ್ ರಾಡು ನನ್ನಿಂದ ಅಷ್ಟು ದೂರದಲ್ಲಿ, ಆಚೆ ಕಡೆಗೆ ವಾಲಿಕೊಂಡು ನಿಂತಿತ್ತು. ಬಿಸಿಲಿಗೆ ಹಳದಿ ಗುಂಡಿನ ಬಣ್ಣ ಮಾಸಿತ್ತು. ಪರಗಂಡಸಿನ ಪಕ್ಕ ಸೆರಗು ಸರಿಪಡಿಸಿಕೊಂಡು ಕೂರುವುದಕ್ಕೆ ನನಗೆ ಯಾವ ಅಡ್ಡಿಯೂ ಆಗಲಿಲ್ಲ, ಎದುರುಮನೆಯ ಹೆಂಗಸರೂ ಏನೂ ಅನ್ನಲಿಲ್ಲ. ನಯಾಜ್ ಫಸ್ಟ್ ಗೇರು ಹಾಕಿದ. ಅವನ ಕೈ ನೆಟ್ಟಗಿತ್ತು, ಅವನು ಬಗ್ಗಬೇಕಾಗಿರಲಿಲ್ಲ. ಬಗ್ಗಿದವಳು ನಾನು. ಮುಖ ಮೊಣಕಾಲಿಗೆ ತಾಗುವಷ್ಟು ಬಗ್ಗಿದೆ, ಏಳಲಾಗಲಿಲ್ಲ. ಜಗಲಿಯ ಮೇಲಿದ್ದವರು ಅಭ್ಯಾಸದಂತೆ ಎದ್ದು ನಿಂತು ಕೈ ಮುಗಿದರು.